ಕಬ್ಬಿನ ಸೀಮೆಯಲ್ಲಿ ತಪ್ಪಲ ಪಲ್ಲೆಗೆ ಬರ

“ದಿನಾ ತಪ್ಪಲ ಪಲ್ಲೆ ತಿನ್ನವ್ವ” ಎಂದು ಹೇಳುವುದು ನಮ್ಮಂಥ ವೈದ್ಯರಿಗೆ ಸುಲಭ. “ರೊಕ್ಕ ಎಲ್ಲೈತ್ರಿ ಸಾಹೇಬ್ರ, ವಾರದ ಪಗಾರ ಎಣ್ಣಿ-ಬ್ಯಾಳಿಗೇ ಸಾಲೂದಿಲ್ಲ” ಎಂಬ ಉತ್ತರ ಬನಹಟ್ಟಿಯ ಮಗ್ಗದ ಮನೆಗಳಿಂದಲೂ ಬರುತ್ತದೆ, ಕಬ್ಬು ಕಡಿಯುವವರಿಂದಲೂ ಬರುತ್ತದೆ. ಕೃಷ್ಣೆ, ಘಟಪ್ರಭೆ ಹರಿಯುವ ಜಮಖಂಡಿ-ಮುಧೋಳ ಸೀಮೆಯಲ್ಲಿ ನೀರಿದೆ, ಎರೆಮಣ್ಣಿದೆ. ಬಡವರ ತಾಟಿನಲ್ಲಿ ಪಲ್ಲೆ ಮಾತ್ರ ಇಲ್ಲ.

ಹಿಂದೆ ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ಪುಂಡಿ, ಹೆಸರು, ಅಲಸಂದಿ ಅಲ್ಲಿಯೇ ಬೆಳೆಯುತ್ತಿದ್ದವು. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಉಡಿಯಲ್ಲಿ ಹಕ್ಕರಕಿ, ರಾಜಗಿರಿ ತುಂಬಿಕೊಂಡು ಬರುತ್ತಿದ್ದರು. ಅದಕ್ಕೆ ಯಾರೂ ಬೆಲೆ ಕೇಳುತ್ತಿರಲಿಲ್ಲ. ಕಬ್ಬು ಹಬ್ಬಿದಲ್ಲೆಲ್ಲ ಅಕ್ಕಡಿ ಹೋಯಿತು, ಕಳೆನಾಶಕ ಹೊಡೆದಲ್ಲಿ ಹಕ್ಕರಕಿಯೂ ಹೋಯಿತು. ಕೂಲಿಯವರು ಈಗ ಸೊಪ್ಪನ್ನೂ ಕೊಂಡೇ ತಿನ್ನಬೇಕು.

ಇದರ ಫಲ ರಕ್ತ ಪರೀಕ್ಷೆಯಲ್ಲಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ. ಪಲ್ಲೆಯ ಕೊರತೆಯೊಂದೇ ಕಾರಣವಲ್ಲ, ನಿಜ. ಆದರೆ ಕಬ್ಬಿಣ, ಫೋಲಿಕ್ ಆಮ್ಲ, ನಾರು ಒಟ್ಟಿಗೆ ಸಿಗುವುದು ಸೊಪ್ಪಿನಲ್ಲಿ. ತರಕಾರಿ, ಹಣ್ಣು ಸೇರಿ ದಿನಕ್ಕೆ 400 ಗ್ರಾಂ ಆದರೂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ದಾರಿಗಳಿಲ್ಲವೆಂದಲ್ಲ. ಕಬ್ಬು ನಾಟಿಯಾದ ಮೊದಲ ಮೂರು ತಿಂಗಳು ಸಾಲಿನ ನಡುವೆ ಬಿಸಿಲು ಬೀಳುತ್ತದೆ; ಅಷ್ಟರಲ್ಲಿ ಮೆಂತೆ, ಕೊತ್ತಂಬರಿ, ಉಳ್ಳಾಗಡ್ಡಿ ತಪ್ಪಲು ಕೈಗೆ ಬರುತ್ತವೆ. ಅದನ್ನು ಕೊಳ್ಳುವವರು ಹತ್ತಿರದಲ್ಲೇ ಇರಬೇಕಷ್ಟೆ. ಬೆಂಗಳೂರಿನಲ್ಲಿ 1959ರಲ್ಲಿ ಹುಟ್ಟಿದ ಹಾಪ್‌ಕಾಮ್ಸ್ ರೈತರ ಮಾಲನ್ನು ನೇರವಾಗಿ ಗ್ರಾಹಕರಿಗೆ ಮುಟ್ಟಿಸಿತು. ಆಂಧ್ರ ಮತ್ತು ತಮಿಳುನಾಡು 1999ರಲ್ಲಿ ರೈತರೇ ಕುಳಿತು ಮಾರುವ ಸಂತೆಗಳನ್ನು ತೆರೆದವು. ಅಂಥದೊಂದು ಕಟ್ಟೆ ವಾರಕ್ಕೆ ಎರಡು ದಿನ ಸರಕಾರಿ ದವಾಖಾನೆಯ ಮುಂದೆ ಏಕೆ ಇರಬಾರದು? ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಆ ಸಾರಿಗೆ ಬೀಳುವ ಸೊಪ್ಪು ಅದೇ ಊರಿನ ಹೊಲದ್ದಾದರೆ ರೈತನಿಗೂ ನಿತ್ಯದ ಗಿರಾಕಿ ಸಿಕ್ಕಂತೆ. ಶಾಲಾ ಕೈತೋಟಕ್ಕೆ ಕೇಂದ್ರ ಸರಕಾರ 2019ರಲ್ಲಿಯೇ ಮಾರ್ಗಸೂಚಿ ಕೊಟ್ಟಿದೆ. ಊರಿನ ಹಿರಿಯರು ಮುಖ್ಯೋಪಾಧ್ಯಾಯರನ್ನು ಒಮ್ಮೆ ಕೇಳಿ ನೋಡಲಿ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಹಿತ್ತಲಲ್ಲಿ ಒಂದು ನುಗ್ಗೆ ಗಿಡವಿದ್ದರೆ ಬೇಸಿಗೆಯಲ್ಲೂ ಸೊಪ್ಪು ತಪ್ಪದು. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ. ಪಲ್ಲೆಗೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಬೇಡ, ಒಂದು ತಾಸು ಬಿಟ್ಟು ಕುಡಿಯಿರಿ. ರಕ್ತ ತೀರಾ ಕಡಿಮೆ ಇದ್ದವರಿಗೆ ಸೊಪ್ಪೊಂದೇ ಸಾಲದು, ಗುಳಿಗೆ ಬಿಡಬಾರದು. ಮೂತ್ರಪಿಂಡದ ಕಾಯಿಲೆ ಇದ್ದವರು ಯಾವ ಪಲ್ಲೆ, ಎಷ್ಟು ಎಂಬುದನ್ನು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು.