ದುಡ್ಡು ನಿಮ್ಮದು, ಪತ್ರ ಅವರದು: ಬಾಲಿಯ ಬೇನಾಮಿ ವಿಲ್ಲಾಗಳ ಲೆಕ್ಕ

ಗದ್ದೆ ಪಕ್ಕ ಒಂದು ವಿಲ್ಲಾ, ಮುಂದೆ ಪುಟ್ಟ ಈಜುಕೊಳ, ಪ್ರವಾಸಿಗರಿಂದ ದಿನದ ಲೆಕ್ಕದಲ್ಲಿ ಬಾಡಿಗೆ. ಬೆಂಗಳೂರಿನ ಫ್ಲಾಟಿಗಿಂತ ಕಮ್ಮಿ ದುಡ್ಡಿಗೆ ಬಾಲಿಯಲ್ಲಿ ಇದೆಲ್ಲ ಸಿಗುತ್ತೆ ಅನ್ನೋ ರೀಲ್ಸ್ ನಿಮ್ಮ ಫೋನಿಗೂ ಬಂದಿರಬಹುದು. ‘ವಿದೇಶಿಯರು ಅಲ್ಲಿ ಜಮೀನು ತಗೋಬಹುದಾ?’ ಅಂತ ಕೇಳಿದರೆ ಏಜೆಂಟರ ಹತ್ತಿರ ಉತ್ತರ ರೆಡಿ: ‘ಲೋಕಲ್ ಪಾರ್ಟ್ನರ್ ಇರ್ತಾರೆ, ತಲೆ ಕೆಡಿಸ್ಕೋಬೇಡಿ.’ ತಲೆ ಕೆಡಿಸ್ಕೋಬೇಕಾದ ಜಾಗ ಸರಿಯಾಗಿ ಅದೇ.

1960ರ ಸೆಪ್ಟೆಂಬರ್ 24ರಂದು, ಸುಕರ್ನೊ ಕಾಲದಲ್ಲಿ, ಇಂಡೊನೇಷ್ಯಾ ತನ್ನ ಮೂಲ ಭೂ ಕಾನೂನನ್ನು ಜಾರಿಗೆ ತಂದಿತು. ಅದರ 21ನೇ ಕಲಮಿನ ಪ್ರಕಾರ ಜಮೀನಿನ ಪೂರ್ಣ ಒಡೆತನ, ಅಂದರೆ ‘ಹಕ್ ಮಿಲಿಕ್’, ಆ ದೇಶದ ಪ್ರಜೆಗಳಿಗೆ ಮಾತ್ರ. (ನಮ್ಮ ಹಕ್ಕು, ಮಾಲೀಕ ಬಂದಿರೋದೂ ಅದೇ ಅರಬ್ಬಿ ಬೇರಿನಿಂದ.) 26ನೇ ಕಲಂ ಇನ್ನೂ ಖಡಕ್. ಒಡೆತನವನ್ನು ವಿದೇಶಿಗೆ ನೇರವಾಗಿ ಅಥವಾ ಬಳಸುದಾರಿಯಲ್ಲಿ ದಾಟಿಸುವ ಯಾವ ವ್ಯವಹಾರವೂ ಅಸಿಂಧು, ಜಮೀನು ಸರ್ಕಾರಕ್ಕೆ ಸೇರುತ್ತದೆ, ಮಾರಿದವನಿಗೆ ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ.

ಇಷ್ಟು ಗಟ್ಟಿ ಕಾನೂನು ಯಾಕೆ ಬಂತು ಅನ್ನೋಕೆ ಹಿನ್ನೆಲೆ ಇದೆ. ಡಚ್ಚರು 1870ರಲ್ಲಿ ತಂದಿದ್ದ ಭೂ ಕಾನೂನು ಯುರೋಪಿನ ತೋಟದ ಕಂಪನಿಗಳಿಗೆ 75 ವರ್ಷಗಳವರೆಗೆ ಗುತ್ತಿಗೆ ಪಡೆಯುವ ದಾರಿ ಮಾಡಿಕೊಟ್ಟಿತ್ತು. ಕಬ್ಬು, ಕಾಫಿ, ಟೀ ಎಲ್ಲ ಹಡಗು ಹತ್ತಿದವು, ಊರಿನವರು ಕೂಲಿಗಳಾದರು. ಆ ಕಾನೂನನ್ನು ಕಿತ್ತುಹಾಕಿದ್ದೇ 1960ರ ಕಾನೂನು. ಕೃಷಿಭೂಮಿ ಇಟ್ಟುಕೊಂಡವನು ತಾನೇ ಅದನ್ನು ದುಡಿಯಬೇಕು ಎಂಬ ತತ್ವವೂ ಅದರಲ್ಲಿದೆ, ಇಂಡೊನೇಷ್ಯಾದಲ್ಲಿ ಆ ದಿನವನ್ನು ರೈತರ ದಿನವಾಗಿ ಆಚರಿಸುತ್ತಾರೆ. ಕಾಗೋಡು ಮತ್ತು ಅರಸು ಕಾಲದ ಕಥೆ ಕೇಳಿ ಬೆಳೆದವರಿಗೆ ಇದರ ಧಾಟಿ ಪರಿಚಿತವೇ.

ಕಾನೂನನ್ನು ಬಳಸಿಕೊಂಡು ಹೋಗುವ ದಾರಿಯೂ ಪರಿಚಿತವೇ. ನಮ್ಮ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಇದ್ದಾಗ ಕೃಷಿಕರಲ್ಲದವರು ಬೇರೆಯವರ ಹೆಸರಲ್ಲಿ ಜಮೀನು ಮಾಡುತ್ತಿದ್ದದ್ದು ಯಾರಿಗೆ ಗೊತ್ತಿಲ್ಲ? (2020ರಲ್ಲಿ ಸರ್ಕಾರ ಆ ಕಲಮುಗಳನ್ನೇ ತೆಗೆದುಹಾಕಿ ತಲೆನೋವು ಮುಗಿಸಿತು. ಯಾರ ತಲೆನೋವು ಅನ್ನೋದು ಇನ್ನೊಂದು ಲೇಖನದ ವಿಷಯ.) ಬಾಲಿಯಲ್ಲಿ ಇದಕ್ಕೆ ‘ನಾಮಿನಿ’ ಅಂತಾರೆ. ನಮ್ಮ ಬೇನಾಮಿಯೇ, ಹೆಸರು ಮಾತ್ರ ಇಂಗ್ಲಿಷ್.

ಕಟ್ಟುವ ವಿಧಾನ ಹೀಗೆ. ಜಮೀನು ಸ್ಥಳೀಯ ‘ಪಾರ್ಟ್ನರ್’ ಹೆಸರಿಗೆ ನೋಂದಣಿಯಾಗುತ್ತದೆ, ಹಣ ವಿದೇಶಿಯದು. ಆ ಹಣವನ್ನು ಪಾರ್ಟ್ನರಿಗೆ ಕೊಟ್ಟ ಸಾಲ ಅಂತ ಒಂದು ಸಾಲಪತ್ರ. ಸಾಲಕ್ಕೆ ಭದ್ರತೆಯಾಗಿ ಅದೇ ಜಮೀನಿನ ಅಡಮಾನ. ವಿದೇಶಿಗೆ ದೀರ್ಘ ಗುತ್ತಿಗೆ. ಕೊನೆಗೆ, ಯಾವಾಗ ಬೇಕಾದರೂ ಮಾರುವ ಅಧಿಕಾರ ಕೊಡುವ, ರದ್ದು ಮಾಡಲಾಗದ ಪವರ್ ಆಫ್ ಅಟಾರ್ನಿ. ನೋಡೋಕೆ ನಾಲ್ಕು ಬೀಗದ ಪೆಟ್ಟಿಗೆ.

ಎಂಜಿನಿಯರಿಂಗ್ ಕ್ಲಾಸಿನಲ್ಲಿ ಕಲಿಸಿದ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತೆ: ನಾಲ್ಕು ಬ್ಯಾಕಪ್ ಇಟ್ಟು ನಾಲ್ಕನ್ನೂ ಒಂದೇ ಸ್ವಿಚ್ಚಿಗೆ ಜೋಡಿಸಿದರೆ ಅದು ಬ್ಯಾಕಪ್ಪೇ ಅಲ್ಲ. ಈ ಪತ್ರಗಳೆಲ್ಲ ನಿಂತಿರೋದು ಒಡೆತನವನ್ನು ವಿದೇಶಿಗೆ ದಾಟಿಸುವ ಒಂದೇ ಉದ್ದೇಶದ ಮೇಲೆ. ನ್ಯಾಯಾಲಯ ಆ ಉದ್ದೇಶ ಗುರುತಿಸಿದರೆ ಬೀಗಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ಜಮೀನು ದಾಟಿಸಲು ರದ್ದು ಮಾಡಲಾಗದ ಪವರ್ ಆಫ್ ಅಟಾರ್ನಿ ಬಳಸುವುದಂತೂ ಅಲ್ಲಿ 1982ರಿಂದಲೇ ನಿಷಿದ್ಧ. 2020ರಲ್ಲಿ ಇಂಡೊನೇಷ್ಯಾದ ಸುಪ್ರೀಂ ಕೋರ್ಟ್ ಕೆಳಗಿನ ನ್ಯಾಯಾಲಯಗಳಿಗೆ ಕಳಿಸಿದ ಸುತ್ತೋಲೆ ಉಳಿದಿದ್ದ ಗೊಂದಲವನ್ನೂ ಕಳೆಯಿತು: ಬೇರೆಯವರ ಅಥವಾ ವಿದೇಶಿಯ ದುಡ್ಡಿನಲ್ಲಿ ಕೊಂಡಿದ್ದರೂ, ಪ್ರಮಾಣಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು.

ಹಾಗಾಗಿ ಪಾರ್ಟ್ನರ್ ಒಳ್ಳೆಯವರಾ ಕೆಟ್ಟವರಾ ಅನ್ನೋ ಪ್ರಶ್ನೆಯೇ ಚಿಕ್ಕದು. ಅವರು ದೇವರಂಥವರೇ ಇರಬಹುದು. ನಾಳೆ ಅವರು ತೀರಿಕೊಂಡರೆ ಮಕ್ಕಳು ವಾರಸುದಾರರು. ವಿಚ್ಛೇದನವಾದರೆ ಆ ಜಗಳಕ್ಕೂ ಜಮೀನು ಸಿಗುತ್ತೆ. ಬೇರೆ ಸಾಲ ತೀರಿಸದಿದ್ದರೆ ಸಾಲಗಾರರ ಕಣ್ಣು ಬೀಳೋದೂ ಅದರ ಮೇಲೆಯೇ. ಇವರಲ್ಲಿ ಯಾರೂ ನಿಮಗೆ ಮಾತು ಕೊಟ್ಟವರಲ್ಲ. ಕಂಪನಿ ಮಾಡಿ ಸ್ಥಳೀಯರ ಹೆಸರಲ್ಲಿ ಷೇರು ಇಟ್ಟರೆ ಆಯ್ತಲ್ಲ ಅಂದರೆ, 2007ರ ಹೂಡಿಕೆ ಕಾನೂನಿನ 33ನೇ ಕಲಂ ಇನ್ನೊಬ್ಬರ ಪರವಾಗಿ ಷೇರು ಹಿಡಿಯುವ ಒಪ್ಪಂದವನ್ನೂ ಅಸಿಂಧು ಮಾಡಿದೆ.

ಇದರ ಮೇಲೆ ನಮ್ಮ ದೇಶದ ಕಾನೂನು ಬೇರೆ. ಭಾರತದಲ್ಲಿ ವಾಸಿಸುವವರು ಎಲ್‌ಆರ್‌ಎಸ್ ಅಡಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದರಲ್ಲಿ ಮನೆ ಖರೀದಿಗೂ ಅವಕಾಶ ಇದೆ. ಆದರೆ ಅದರಡಿ ಸಾಲ ಕೊಡಬಹುದಾದದ್ದು ಅನಿವಾಸಿ ಭಾರತೀಯ ಸಂಬಂಧಿಕರಿಗೆ. ಬಾಲಿಯ ಪಾರ್ಟ್ನರಿಗೆ ಕೊಟ್ಟ ‘ಸಾಲ’ ಆ ಪಟ್ಟಿಯಲ್ಲಿ ಎಲ್ಲಿ ಕೂರುತ್ತೆ? ಇನ್ನು ತೆರಿಗೆ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ಇದೆ. ಹೆಸರು ಬೇರೆಯವರದಾಗಿದ್ದರೂ ಅನುಭೋಗ ನಿಮ್ಮದಾದರೆ ಅಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಅಂದರೆ ಡೆನ್‌ಪಸಾರ್‌ನಲ್ಲಿ ‘ಇದು ನನ್ನದಲ್ಲ’ ಅನ್ನಬೇಕು, ಬೆಂಗಳೂರಿನ ಆದಾಯ ತೆರಿಗೆ ಇಲಾಖೆ ಮುಂದೆ ‘ನನ್ನದೇ’ ಅಂತ ಬರೆದುಕೊಡಬೇಕು.

ಕಾನೂನಿನ ಒಳಗೇ ದಾರಿ ಇಲ್ಲ ಅಂತಲ್ಲ. ವಿದೇಶಿ ಬಂಡವಾಳದ ಕಂಪನಿ ಮಾಡಿ ನಿಗದಿತ ಅವಧಿಗೆ ಕಟ್ಟಡದ ಹಕ್ಕು ಪಡೆಯಬಹುದು. ಅದಕ್ಕೆ ಜಮೀನು, ಕಟ್ಟಡ ಬಿಟ್ಟು 1000 ಕೋಟಿ ರೂಪಿಯಾ ಹೂಡಿಕೆ ತೋರಿಸಬೇಕು, ನಮ್ಮ ದುಡ್ಡಲ್ಲಿ ಸುಮಾರು ಐದು ಕೋಟಿ. ಒಂದು ವಿಲ್ಲಾದ ಕನಸಿಗೆ ಇದು ಹೊಂದಲ್ಲ. ಬಹುತೇಕರಿಗೆ ಉಳಿಯೋದು 25-30 ವರ್ಷದ ಗುತ್ತಿಗೆ. ಜಮೀನಿನವರು ಮಾಲೀಕರಾಗಿಯೇ ಉಳಿಯುತ್ತಾರೆ, ನೀವು ಕಟ್ಟಿ ದುಡಿಸುತ್ತೀರಿ, ಅವಧಿ ಮುಗಿದ ಮೇಲೆ ಎಲ್ಲ ಅವರದು. ಏಜೆಂಟರು ಇದನ್ನೂ ‘ಖರೀದಿ’ ಅಂತಲೇ ಮಾರುತ್ತಾರೆ. ಹಾಕಿದ ದುಡ್ಡನ್ನು ಆ ವರ್ಷಗಳಿಗೆ ಭಾಗಿಸಿ, ಅಷ್ಟನ್ನು ಪ್ರತಿ ವರ್ಷದ ಖರ್ಚು ಅಂತ ಬರೆದುಕೊಂಡು, ಆಮೇಲೆ ಲಾಭ ಎಣಿಸಿ. ರೀಲ್ಸ್‌ನ ಗಣಿತ ಅಲ್ಲೇ ಸಪ್ಪೆಯಾಗುತ್ತೆ. ಜಾಗ ಹಸಿರು ವಲಯದಲ್ಲಿದೆಯಾ, ಪ್ರವಾಸಿಗರಿಗೆ ಬಾಡಿಗೆ ಕೊಡೋ ಪರವಾನಗಿ ಯಾರ ಹೆಸರಲ್ಲಿದೆ ಅನ್ನೋದನ್ನೂ ಕೇಳಬೇಕು. ಟೂರಿಸ್ಟ್ ವೀಸಾದಲ್ಲಿ ಹೋಗಿ ನೀವೇ ವ್ಯವಹಾರ ನಡೆಸುವ ಹಾಗಿಲ್ಲ, ಗಡೀಪಾರು ಮಾಡುತ್ತಾರೆ.

ಇಲ್ಲಿ ನಿಜವಾದ ಪಾರ್ಟ್ನರ್ ಅಂದರೆ ಪಾಲು ಇರುವವರು. ಬಾಡಿಗೆ ಬಂದರೆ ಅವರಿಗೂ ಬರಬೇಕು, ಪರವಾನಗಿ, ಲೆಕ್ಕಪತ್ರ ಅವರ ಕೈಗೂ ಸಿಗಬೇಕು, ನಷ್ಟವಾದರೆ ಅವರಿಗೂ ತಟ್ಟಬೇಕು. ತಿಂಗಳಿಗಿಷ್ಟು ಅಂತ ಹೆಸರಿನ ಬಾಡಿಗೆ ಪಡೆಯುವ ನಾಮಿನಿಗೆ ಇದ್ಯಾವುದೂ ಇಲ್ಲ, ಆದರೆ ತೆರಿಗೆ ನೋಟಿಸ್ ಹೋಗೋದು ಅವರ ಮನೆಗೆ. ‘ವಿದೇಶಿಗೆ ಮೋಸ ಮಾಡಿದ ಲೋಕಲ್’ ಅನ್ನೋ ಕಥೆಗಳಲ್ಲಿ ಈ ಭಾಗ ಬರೋದಿಲ್ಲ. ಅಂದ ಹಾಗೆ, ಭಾರತದಲ್ಲಿ ವಾಸವಿಲ್ಲದ, ಭಾರತೀಯ ಮೂಲವಿಲ್ಲದ ವಿದೇಶಿ ಪ್ರಜೆ ಆರ್‌ಬಿಐ ಅನುಮತಿಯಿಲ್ಲದೆ ಇಲ್ಲಿ ಆಸ್ತಿ ಕೊಳ್ಳುವಂತಿಲ್ಲ. ಕೊಡಗಿನ ಕಾಫಿ ತೋಟವನ್ನು ಯಾರೋ ವಿದೇಶಿ ನಮ್ಮೂರಿನವರ ಹೆಸರಲ್ಲಿ ಮಾಡಿಕೊಂಡರೆ ನಾವು ಅವನನ್ನು ಬಡಪಾಯಿ ಅಂತೀವಾ?

ಬಾಲಿಯ ಗದ್ದೆಗಳಿಗೆ ನೀರು ಹಂಚೋದು ‘ಸುಬಕ್’ ಎಂಬ ರೈತರ ಕೂಟ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ನಮ್ಮ ಕೆರೆ ಬಯಲಿನಲ್ಲಿ ನೀರಗಂಟಿ ನೋಡಿಕೊಳ್ಳುತ್ತಿದ್ದ ಕೆಲಸವನ್ನು ಅಲ್ಲಿ ಇಡೀ ಕೂಟ ದೇವಸ್ಥಾನದ ಜೊತೆ ಸೇರಿ ನಡೆಸುತ್ತದೆ. ನೀರು ಒಬ್ಬರ ಗದ್ದೆಯಿಂದ ಇನ್ನೊಬ್ಬರ ಗದ್ದೆಗೆ ಇಳಿಯಬೇಕು. ನಡುವಿನ ಒಂದು ಗದ್ದೆ ಕಾಂಕ್ರೀಟ್ ಆದರೆ ಕಾಲುವೆ ಕೆಳಗಿನವರಿಗೂ ಕೆಡುತ್ತೆ. ಒಂದು ವಿಲ್ಲಾ ಬಂದ ಮೇಲೆ ಪಕ್ಕದವನಿಗೂ ಗುತ್ತಿಗೆಗೆ ಕೊಡದೆ ದಾರಿ ಇರಲ್ಲ. ಅಪ್ಪ ಒಂದೇ ಸಲಕ್ಕೆ ಇಡೀ ಅವಧಿಯ ಹಣ ತಗೋತಾನೆ, ಮನೆ ಕಟ್ಟಿಸ್ತಾನೆ, ಮದುವೆ ಮಾಡಿಸ್ತಾನೆ. ಇಪ್ಪತ್ತು ವರ್ಷದ ಮಗ ಅದೇ ವಿಲ್ಲಾದಲ್ಲಿ ಕೊಳ ತೊಳೆಯೋ ಕೆಲಸಕ್ಕೆ ಸೇರಬಹುದು. ಜಮೀನು ಅವನ ಕೈಗೆ ವಾಪಸ್ ಬರುವಾಗ ಅವನಿಗೆ ಐವತ್ತು ವರ್ಷ, ಮತ್ತು ಆ ನೆಲದಲ್ಲಿ ಭತ್ತ ನೆಡೋಕೆ ಆಗಲ್ಲ.