ಸ್ಮೋಕಿ ಬೆಟ್ಟಗಳ ಮಗ್ಗುಲಲ್ಲಿ ಸೈಕಲ್ ಸವಾರಿ

“ಸೈಕಲ್ ಹೊಡೆಯೋಕೆ ಮೂರು ಗಂಟೆ ಕಾರಲ್ಲಿ ಹೋಗಬೇಕೇನ್ರೋ? ಮನೆ ಮುಂದೆ ರಸ್ತೆ ಇಲ್ಲವಾ?” ಊರಿನಿಂದ ಬಂದಿದ್ದ ಅಜ್ಜಿಯ ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಸರಿಯಾದ ಉತ್ತರ ಇರಲಿಲ್ಲ. ಆದರೂ ಕಳೆದ ಅಕ್ಟೋಬರಿನ ಒಂದು ಶುಕ್ರವಾರ ಸಂಜೆ ಅಟ್ಲಾಂಟಾದ ನಾವು ನಾಲ್ಕು ಸಂಸಾರದವರು ಎರಡು ವ್ಯಾನುಗಳ ಹಿಂದೆ ಸೈಕಲ್ಲುಗಳನ್ನು ಬಿಗಿದು, ಪುಳಿಯೋಗರೆ, ಮೊಸರನ್ನ, ಚಕ್ಕುಲಿ ಡಬ್ಬಗಳೊಂದಿಗೆ ನಾರ್ತ್ ಕೆರೊಲಿನಾದ ಬ್ರೈಸನ್ ಸಿಟಿಯ ಕಡೆಗೆ ಹೊರಟೆವು. ಅಲ್ಲಿ ನಾವು ಕಲಿತು ಬಂದದ್ದರಲ್ಲಿ ಒಂದು ವಿಷಯ, ಊರಿನಲ್ಲಿ ಸೈಕಲ್ ಕಲಿತು ಈ ದೇಶಕ್ಕೆ ಬಂದ ನಮ್ಮಂಥವರು ತಿಳಿದಿರಲೇಬೇಕಾದದ್ದು. ಅದಕ್ಕಾಗಿಯೇ ಈ ಲೇಖನ.

ಮೊದಲು ಒಂದು ಗೊಂದಲ ಬಗೆಹರಿಸೋಣ. ನಕ್ಷೆಯಲ್ಲಿ ನೋಡಿದರೆ ಆ ಕಡೆಯೆಲ್ಲ ಒಂದೇ ಹಸಿರು. ಆದರೆ ಗ್ರೇಟ್ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕ್ ಬೇರೆ, ಅದರ ಪಕ್ಕದ ನಾಂಟಹೇಲಾ ಮತ್ತು ಪಿಸ್ಗಾ ನ್ಯಾಷನಲ್ ಫಾರೆಸ್ಟುಗಳು ಬೇರೆ. ಪಾರ್ಕಿನಲ್ಲಿ ಸೈಕಲ್ಲನ್ನು ರಸ್ತೆಯ ಮೇಲೆ ಓಡಿಸಬಹುದೇ ಹೊರತು, ಡೀಪ್ ಕ್ರೀಕಿನ ಕೆಳಭಾಗದಂಥ ಒಂದೆರಡು ಪುಟ್ಟ ದಾರಿಗಳನ್ನು ಬಿಟ್ಟರೆ ಕಾಲುದಾರಿಗಳಿಗೆ ಒಯ್ಯುವಂತಿಲ್ಲ. ಗುಡ್ಡದ ಸೈಕಲ್ ಸವಾರಿಗೆ ಹೋಗಬೇಕಾದದ್ದು ಫಾರೆಸ್ಟುಗಳಿಗೆ. ಅಲ್ಲಿಯೂ ‘ವಿಲ್ಡರ್‌ನೆಸ್’ ಎಂದು ಗುರುತಿಸಿದ ಭಾಗಕ್ಕೂ ಅಪ್ಪಲೇಚಿಯನ್ ಟ್ರೇಲಿಗೂ ಚಕ್ರ ತಾಗಿಸಬಾರದು. ನಮ್ಮ ಹುಡುಗರಿಗೆ ಇದು ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹೋದದ್ದು ನಾಂಟಹೇಲಾದ ತ್ಸಾಲಿಗೆ. ಫಾಂಟಾನಾ ಸರೋವರದ ದಂಡೆಯ ಕಾಡಿನಲ್ಲಿ ಸುತ್ತಿ ಬರುವ ನಾಲ್ಕು ದಾರಿಗಳಿವೆ, ಒಟ್ಟು ಸುಮಾರು 40 ಮೈಲಿ. ಎರಡು ದಾರಿ ಸೈಕಲ್ಲಿಗೆ ತೆರೆದ ದಿನ ಉಳಿದೆರಡು ಕುದುರೆಗಳಿಗೆ, ಇನ್ನೊಂದು ದಿನ ಅದಲುಬದಲು. ನಡೆಯುವವರು ಯಾವತ್ತೂ ಹೋಗಬಹುದು. ಮಕ್ಕಳು ಫೋಟೋದಲ್ಲಿ ನೋಡಿ ಆಸೆಪಟ್ಟಿದ್ದ ದಾರಿ ಅಂದು ಕುದುರೆಗಳ ಪಾಲಾಗಿತ್ತು. ಮುಖ ಸಪ್ಪೆಯಾಯಿತು. ಆದರೆ ಕಾರಣ ಸಣ್ಣದಲ್ಲ. ಸೈಕಲ್ಲು ಸದ್ದಿಲ್ಲದೆ ತಿರುವಿನಿಂದ ನುಗ್ಗಿ ಬಂದರೆ ಕುದುರೆ ಬೆದರುತ್ತದೆ, ಒಬ್ಬರೇ ಹೋಗುವಷ್ಟು ಅಗಲದ ದಾರಿಯಲ್ಲಿ ಸವಾರ ಬೀಳುತ್ತಾನೆ. ಎರಡಕ್ಕೂ ಒಂದೇ ದಾರಿ ಇರುವ ಕಡೆ ಸೈಕಲ್ಲಿನವರು ಇಳಿದು, ಗುಡ್ಡದ ಕೆಳಬದಿಗೆ ಸರಿದು, ನಾಲ್ಕು ಮಾತಾಡಿ ‘ನಾವು ಮನುಷ್ಯರೇ’ ಎಂದು ಕುದುರೆಗೆ ತಿಳಿಸುವುದು ವಾಡಿಕೆ.

ತ್ಸಾಲಿ ಎನ್ನುವುದು ಒಬ್ಬ ಚೆರೋಕೀ ಮನುಷ್ಯನ ಹೆಸರು. 1838ರಲ್ಲಿ ಆ ಜನರನ್ನು ಈ ಬೆಟ್ಟಗಳಿಂದ ಪಶ್ಚಿಮಕ್ಕೆ ಅಟ್ಟಿದಾಗ ಒಪ್ಪದೆ ಕಾಡು ಸೇರಿದವನು. ಅದೇ ನವೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಇನ್ನು ಸರೋವರ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ವಿದ್ಯುತ್ತಿಗಾಗಿ 1942ರಿಂದ 1944ರವರೆಗೆ ಕಟ್ಟಿದ 480 ಅಡಿ ಎತ್ತರದ ಫಾಂಟಾನಾ ಅಣೆಕಟ್ಟಿನಿಂದ. ಊರುಗಳು ಮುಳುಗಿದವು, ರಸ್ತೆಯೂ ಮುಳುಗಿತು. ಹೊಸ ರಸ್ತೆ ಕಟ್ಟಿಕೊಡುತ್ತೇವೆಂದು 1943ರಲ್ಲಿ ಕೊಟ್ಟ ಮಾತು ಒಂದು ಸುರಂಗದವರೆಗೆ ಬಂದು ನಿಂತುಹೋಯಿತು. ಜನ ಅದನ್ನು ‘ಎಲ್ಲಿಗೂ ಹೋಗದ ರಸ್ತೆ’ ಎನ್ನುತ್ತಾರೆ. ಕೊನೆಗೆ 2010ರಲ್ಲಿ ರಸ್ತೆಯ ಬದಲು 5.2 ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು. ನೀರು ಇಳಿದು ಕೆಂಪು ಮಣ್ಣಿನ ಅಂಚು ಕಾಣುತ್ತಿತ್ತು. ನಮ್ಮ ಜೊತೆಗಿದ್ದ ಸಾಗರದ ಕಡೆಯ ಹೆಣ್ಣುಮಗಳು ಅದನ್ನೇ ನೋಡುತ್ತ, “ನಮ್ಮ ಅಜ್ಜನ ಮನೆಯೂ ಹೀಗೇ, ಲಿಂಗನಮಕ್ಕಿ ನೀರಲ್ಲಿ” ಎಂದರು. ಮಕ್ಕಳು ಹೊರಡೋಣ ಎಂದು ಗಂಟೆ ಬಾರಿಸುತ್ತಿದ್ದರು.

ಬಿದ್ದದ್ದು ಮಧ್ಯಾಹ್ನ. ಬಿದ್ದವರು ಮಕ್ಕಳಲ್ಲ. ಹೆಸರು ಬೇಡ, ಹಾಸನದಲ್ಲಿ ಕಾಲೇಜಿಗೆ ಐದು ವರ್ಷ ಸೈಕಲ್ ತುಳಿದ ನಮ್ಮ ಗೆಳೆಯರು. ಕಡಿದಾದ ಇಳಿಜಾರಿನಲ್ಲಿ ತಿರುವು ಬಂತು, ಗಾಬರಿಯಾಗಿ ಎಡಗೈ ಬ್ರೇಕನ್ನು ಬಲವಾಗಿ ಹಿಡಿದರು. ಮುಂದಿನ ಚಕ್ರ ಅಲ್ಲೇ ಕಚ್ಚಿಕೊಂಡಿತು, ಅವರು ಹ್ಯಾಂಡಲ್ಲಿನ ಮೇಲಿಂದ ಹಾರಿ ಬೇರುಗಳ ಮೇಲೆ ಬಿದ್ದರು.

ಊರಿನ ಸೈಕಲ್ಲಿನಲ್ಲಿ ಬಲಗೈಯದು ಮುಂದಿನ ಬ್ರೇಕು, ಎಡಗೈಯದು ಹಿಂದಿನದು. ಅಮೆರಿಕದಲ್ಲಿ ಇದು ತಿರುಗುಮುರುಗು: ಎಡಗೈ ಮುಂದಕ್ಕೆ, ಬಲಗೈ ಹಿಂದಕ್ಕೆ. ಬಡಾವಣೆಯ ಸಮತಟ್ಟು ರಸ್ತೆಯಲ್ಲಿ ವರ್ಷಗಟ್ಟಲೆ ಓಡಿಸಿದರೂ ಇದು ಗಮನಕ್ಕೇ ಬರುವುದಿಲ್ಲ. ಗಾಬರಿಯಾದಾಗ ಮಾತ್ರ ಕೈ ಹಳೆಯ ಪಾಠವನ್ನೇ ಒಪ್ಪಿಸುತ್ತದೆ. ಮೇಲಾಗಿ ಈಗಿನ ಡಿಸ್ಕ್ ಬ್ರೇಕುಗಳಿಗೆ ಒಂದು ಬೆರಳು ಸಾಕು, ನಾವು ಮುಷ್ಟಿ ಹಿಡಿಯುತ್ತೇವೆ.

ಹಾಗೆಂದು ಮುಂದಿನ ಬ್ರೇಕನ್ನು ಮುಟ್ಟದೆ ಇರುವುದೂ ತಪ್ಪೇ. ಬ್ರೇಕು ಹಾಕಿದೊಡನೆ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲೇ ಇರುವುದು. ಹಿಂದಿನದನ್ನೊಂದೇ ಹಿಡಿದರೆ ಚಕ್ರ ಜಾರುತ್ತದೆ, ದಾರಿಯ ಮಣ್ಣೂ ಕಿತ್ತುಬರುತ್ತದೆ. ಸೀಟು ತಗ್ಗಿಸಿ, ಪೆಡಲುಗಳ ಮೇಲೆ ಎದ್ದು ನಿಂತು, ಸೊಂಟವನ್ನು ಹಿಂದಕ್ಕೆ ತಂದು, ಎರಡೂ ಬ್ರೇಕುಗಳನ್ನು ಒಂದೊಂದು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ವೇಗ ಇಳಿಸುವ ಕೆಲಸ ತಿರುವಿಗೆ ಮೊದಲೇ ಮುಗಿದಿರಬೇಕು. ಇದನ್ನೆಲ್ಲ ಆಮೇಲೆ ನಮಗೆ ವಿವರಿಸಿದ್ದು ಹದಿನಾಲ್ಕು ವರ್ಷದ ಹುಡುಗಿ. ಮೊದಲೇ ಕೇಳಿದ್ದರೆ ಆಗುತ್ತಿತ್ತು.

ಅಲ್ಲಿ ಫೋನಿಗೆ ಸಿಗ್ನಲ್ ಸಿಗಲಿಲ್ಲ. ಮಣಿಕಟ್ಟು ಊದಿತ್ತು. ಒಬ್ಬರ ಶಾಲಿನಿಂದ ಕೈಯನ್ನು ಕುತ್ತಿಗೆಗೆ ಕಟ್ಟಿ, ಎರಡು ಮೈಲಿ ನಡೆಸಿಕೊಂಡು ಬರಲು ಒಂದೂವರೆ ಗಂಟೆ ಹಿಡಿಯಿತು. ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟದ್ದು ಕಂಡಿತು, ಆರು ವಾರ ಪ್ಲಾಸ್ಟರು. ಹೆಲ್ಮೆಟ್ಟು ಕಿವಿಯ ಮೇಲುಗಡೆ ಸೀಳಿತ್ತು. ಅದು ಇರದಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಳಗಿನ ಫೋಮು ಜಜ್ಜಿಹೋಗಿ ಏಟನ್ನು ತಾನು ತಿನ್ನುತ್ತದೆ. ಒಮ್ಮೆ ಏಟು ತಿಂದ ಹೆಲ್ಮೆಟ್ಟು ನೋಡಲು ಚೆನ್ನಾಗಿದ್ದರೂ ಎಸೆಯಬೇಕು, ತಮ್ಮನಿಗೆ ದಾಟಿಸಬಾರದು.

ಭಾನುವಾರ 276ನೇ ಹೆದ್ದಾರಿಯಲ್ಲಿ ಪಿಸ್ಗಾ ಕಾಡನ್ನು ದಾಟಿ, ಬ್ರೆವಾರ್ಡ್ ಬಳಿಯ ಡುಪಾಂಟ್ ಸ್ಟೇಟ್ ಫಾರೆಸ್ಟಿಗೆ ಹೋದೆವು. ಚಿಕ್ಕ ಮಕ್ಕಳಿರುವವರು ಇಲ್ಲಿಂದಲೇ ಶುರುಮಾಡುವುದು ಲೇಸು ಎಂದು ನಮ್ಮ ಅಭಿಪ್ರಾಯ. ಅಗಲವಾದ ಜಲ್ಲಿ ದಾರಿಗಳಿವೆ, ಹುಕರ್, ಟ್ರಿಪಲ್, ಹೈ ಫಾಲ್ಸ್ ಎಂಬ ಮೂರು ಜಲಪಾತಗಳು ಹತ್ತಿರ ಹತ್ತಿರದಲ್ಲೇ ಇವೆ. ಬಡಾವಣೆ ಆಗಲಿದ್ದ ಈ ಜಲಪಾತಗಳ ಜಾಗವನ್ನು ರಾಜ್ಯ ಸರ್ಕಾರ 2000ದಲ್ಲಿ ಸ್ವಾಧೀನ ಮಾಡಿಕೊಂಡದ್ದರಿಂದ ನಮಗೂ ಪ್ರವೇಶ ಉಂಟು. ಮಕ್ಕಳಿಗೆ ಬೇಕಿದ್ದದ್ದು ಮಾತ್ರ ‘ಹಂಗರ್ ಗೇಮ್ಸ್’ ಸಿನಿಮಾ ತೆಗೆದ ಬಂಡೆ. ಹೊರಡುವ ಮುನ್ನ ಎಲ್ಲರೂ ಪಾರ್ಕಿಂಗಿನಲ್ಲಿ ಹತ್ತು ನಿಮಿಷ ಬ್ರೇಕು ಒತ್ತಿ ಒತ್ತಿ ನೋಡಿದೆವು. ಹಿರಿಯರ ಹ್ಯಾಂಡಲ್ಲುಗಳಿಗೆ ಬಿಳಿ ಟೇಪು ಸುತ್ತಿ ‘ಮುಂ’, ‘ಹಿಂ’ ಎಂದು ಬರೆದೆವು.

ಹೋಗಬಯಸುವವರಿಗೆ ಇನ್ನೊಂದು ಮಾತು. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ಆ ಬೆಟ್ಟಗಳನ್ನು ತೀರಾ ಜಖಂ ಮಾಡಿತು. ಸಾವಿರಾರು ಮರಗಳು ಉರುಳಿದವು, ರಸ್ತೆಗಳು ಕೊಚ್ಚಿಹೋದವು. ಹಾಗಾಗಿ ಯಾವ ದಾರಿ ತೆರೆದಿದೆ, ತ್ಸಾಲಿಯಲ್ಲಿ ಅಂದು ಯಾವುದು ಸೈಕಲ್ಲಿಗೆ ಎಂದು ಹೊರಡುವ ಮೊದಲೇ ವಿಚಾರಿಸಿ. ಮಳೆ ಬಂದ ಮರುದಿನ ಹಸಿ ಮಣ್ಣಿನ ಮೇಲೆ ಹೋಗಬೇಡಿ. ಚಕ್ರದ ಗೀರೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಕರಡಿಗಳಿರುವ ಕಾಡು, ಚಕ್ಕುಲಿ ಡಬ್ಬ ಹೊರಗೆ ಬಿಡಬೇಡಿ.

ಗೆಳೆಯರ ಕೈ ಈಗ ಸರಿಹೋಗಿದೆ. ಅವರು ಅಂಗಡಿಯಲ್ಲಿ ಹೇಳಿ ತಮ್ಮ ಸೈಕಲ್ಲಿನ ಬ್ರೇಕುಗಳನ್ನು ಊರಿನ ಕ್ರಮಕ್ಕೆ ಬದಲಿಸಿಕೊಂಡಿದ್ದಾರೆ. ಮನೆಯಲ್ಲಿ ಬೇರೆ ಯಾರೂ ಅದನ್ನು ಹತ್ತುತ್ತಿಲ್ಲ.