ಬಣ್ಣ ಬಿಡಿಸುವ ಕಸುಬು

ಮಾಸಿದ ಚರ್ಮದ ಬ್ಯಾಗಿಗೆ ಬಣ್ಣ ಬಳಿದು ಹೊಸದರಂತೆ ಮಾರುವವರು ಇರುವಷ್ಟು ದಿನ, ಆ ಬಣ್ಣ ಬಿಡಿಸುವವರಿಗೂ ಕೆಲಸ ತಪ್ಪಿದ್ದಲ್ಲ. ಅಮೆರಿಕದಲ್ಲಿ ಈ ಕಸುಬಿನವರ ಕೈಗೆ ಮತ್ತೆ ಮತ್ತೆ ಬರುವುದು ಕೋಚ್ ಕಂಪನಿಯ ಹಳೆಯ ಬ್ಯಾಗುಗಳು.

1941ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಸಣ್ಣ ಕಾರ್ಯಾಗಾರವಾಗಿ ಶುರುವಾದ ಸಂಸ್ಥೆ ಅದು. ಬೇಸ್‌ಬಾಲ್ ಗ್ಲೌಸು ಬಳಸಿದಷ್ಟೂ ಮೆತ್ತಗಾಗುವುದನ್ನು ಕಂಡು, ಮುಂದೆ ಅದನ್ನು ನಡೆಸಿದ ಮೈಲ್ಸ್ ಕಾನ್ ಅಂಥದೇ ಗುಣದ ಚರ್ಮ ಹದ ಮಾಡಿಸಿದರು. ಅದರಲ್ಲಿ ಹೆಂಗಸರ ಬ್ಯಾಗು ಮಾಡೋಣ ಎಂದವರು ಅವರ ಹೆಂಡತಿ ಲಿಲಿಯನ್. 1962ರಲ್ಲಿ ಬಂದ ವಿನ್ಯಾಸಕಿ ಬಾನಿ ಕ್ಯಾಶಿನ್, ತಮ್ಮ ಕಾರಿನ ಮಡಿಸುವ ಚಾವಣಿಯ ಕೊಂಡಿಯನ್ನು ನೋಡಿ ಹಿತ್ತಾಳೆಯ ತಿರುಗುವ ಚಿಲಕ ರೂಪಿಸಿದರು.

ಈ ಚರ್ಮಕ್ಕೆ ಬಣ್ಣ ಒಳಗಿಳಿದಿರುತ್ತದೆ, ಮೇಲೆ ದಪ್ಪ ಲೇಪವಿಲ್ಲ. ಅದಕ್ಕೆ ಅಕ್ರಿಲಿಕ್ ಬಳಿದರೆ ರಂಧ್ರಗಳು ಮುಚ್ಚುತ್ತವೆ, ಮಡಿಕೆಗಳಲ್ಲಿ ಬಣ್ಣ ಬಿರಿದು ಹಕ್ಕಳೆಯೇಳುತ್ತದೆ. ಆತುರದವರು ಹೊಲಿಗೆಯ ದಾರಕ್ಕೂ ಹಿತ್ತಾಳೆಗೂ ಬಳಿದಿರುತ್ತಾರೆ. ನನ್ನ ಮಟ್ಟಿಗೆ ಗೀರು, ಕಲೆ ಇರುವ ಬ್ಯಾಗೇ ಇದಕ್ಕಿಂತ ಎಷ್ಟೋ ಮೇಲು.

ಬಿಡಿಸುವಾಗ ಮೊದಲು ಹುಡುಕುವುದು ಮೂಲ ಬಣ್ಣವನ್ನು. ಈ ಬ್ಯಾಗುಗಳಲ್ಲಿ ಅನೇಕಕ್ಕೆ ಒಳಗೆ ಅಸ್ತರಿಯಿಲ್ಲ. ಚರ್ಮದ ಹಿಮ್ಮೈಯೇ ಸಾಕ್ಷಿ ಹೇಳುತ್ತದೆ. ಆಮೇಲೆ ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಕಾಣದ ಮೂಲೆಯೊಂದರಲ್ಲಿ ಒರೆಸಿ ನೋಡುತ್ತಾರೆ. ಬಳಿದ ಬಣ್ಣ ಮೆತ್ತಗಾಗಿ ಹತ್ತಿಗೆ ಹತ್ತುತ್ತದೆ. ಅಪಾಯವೂ ಅಲ್ಲೇ: ತುಸು ಹೆಚ್ಚು ತಿಕ್ಕಿದರೆ ಅಡಿಯ ಅಸಲು ಬಣ್ಣವೂ ಎದ್ದುಬರುತ್ತದೆ, ಎಣ್ಣೆಯಂಶ ಹೋಗಿ ಚರ್ಮ ಒರಟಾಗುತ್ತದೆ. ಅಂಗೈಯಗಲ ಜಾಗಕ್ಕೂ ಪುರುಸೊತ್ತು ಬೇಕು.

ಮುಂದಿನ ಹೆಜ್ಜೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅಸ್ತರಿಯಿಲ್ಲದ ಇಂಥ ಬ್ಯಾಗನ್ನು ಅನೇಕರು ಸೌಮ್ಯ ಸಾಬೂನಿನ ನೀರಿನಲ್ಲಿ ಪೂರ್ತಿ ಮುಳುಗಿಸುತ್ತಾರೆ! ಆಮೇಲೆ ಒಳಗೆ ಟವೆಲ್ ತುರುಕಿ, ಆಕಾರ ಕೂಡಿಸಿ, ನೆರಳಲ್ಲಿ ಒಣಗಲು ಬಿಡುತ್ತಾರೆ. ಬಿಸಿಲು, ಹೇರ್‌ಡ್ರೈಯರ್ ಎರಡೂ ನಿಷಿದ್ಧ. ಪಸೆ ಪೂರ್ತಿ ಆರುವ ಮೊದಲೇ ಕಂಡಿಷನರ್ ತೆಳ್ಳಗೆ ಸವರಿದರೆ ಚರ್ಮ ಮತ್ತೆ ಬಾಗುತ್ತದೆ. ಬಣ್ಣ ಬೇಕೇಬೇಕೆಂದರೆ ಚರ್ಮದೊಳಗೆ ಇಂಗುವ ಡೈ ಹಾಕಬೇಕು. ಹಿತ್ತಾಳೆಗೆ ಬ್ರಾಸೊ ಸಾಕು. ನಾರು ಕಡಿದು ಸೀಳಿದ ಚರ್ಮ ಮಾತ್ರ ಯಾವ ಕ್ರೀಮಿಗೂ ಕೂಡಿಕೊಳ್ಳದು.

2021ರಿಂದ ಕೋಚ್ ಕಂಪನಿಯೂ ಹಳೆಯ ಬ್ಯಾಗುಗಳನ್ನು ಪಡೆದು, ಸರಿಪಡಿಸಿ ಮಾರುತ್ತಿದೆ. ಬೇರೆಡೆ ಕೊಳ್ಳುವವರು ಮೊದಲು ಹೊಲಿಗೆ ನೋಡಲಿ: ದಾರವೂ ಚರ್ಮವೂ ಒಂದೇ ಬಣ್ಣದಲ್ಲಿ ಮೆತ್ತಿಕೊಂಡಂತಿದ್ದರೆ ಅನುಮಾನಿಸಬೇಕು. ಮಾರುವವರು ಒಪ್ಪಿದರೆ ಒಂದು ಹನಿ ನೀರು ಬಿಟ್ಟು ನೋಡಬಹುದು. ಲೇಪವಿಲ್ಲದ ಚರ್ಮ ಹನಿಯನ್ನು ಹೀರಿ ಕಪ್ಪಿಡುತ್ತದೆ, ಬಣ್ಣ ಬಳಿದದ್ದರ ಮೇಲೆ ಹನಿ ಹಾಗೇ ನಿಲ್ಲುತ್ತದೆ.